ಮೇಜರನ ಹರಕೆ

ಹಾನಗಲ್ಲಿನ ಕಚೇರಿಯ ಬಾಗಿಲು ಕಾಯುವ ಪಟ್ಟೇವಾಲ ಹೊಳಬಸಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳಿಗೆ ಬೇಕಾಗುವ ಚುರುಕುತನವನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಮಾಮಲೇದಾರ ರಾವಸಾಹೇಬರು ಒಳಗಿದ್ದಾರೋ ಎಂದು ಯಾರಾದರೂ ಕೇಳಿದರೆ, "ಅದಾರ್ರಿ, ಆದ್ರ ಇಲ್ಲಂತ ಹೇಳು ಅಂದಾರ್ರಿ" ಎಂದು ಉತ್ತರ ಕೊಟ್ಟು ಬೈಸಿಕೊಂಡವನು. ಇಂಥವನು ಯುದ್ಧದ ಕಾಲದಲ್ಲಿ ಒಂದು ಬೆಳಿಗ್ಗೆ ಆನಿಕೆರೆಯ ಏರಿಯ ಮೇಲೆ ನಿಂತು "ಹೂಂ" ಎಂದ. ಆ ಹೂಂಗೆ ಒಂದು ಜೀವ ಹೋಯಿತು. ಕಥೆ ಇಷ್ಟೇ, ಆದರೆ ಹಾನಗಲ್ಲಿನಲ್ಲಿ ಯಾವುದೂ ಇಷ್ಟಕ್ಕೇ ಮುಗಿಯುವುದಿಲ್ಲ.

ಜಂಗಲ್ ಖಾತೆಯ ಬಿಳಿ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ತನ್ನ ಸಾಮಾನುಗಳನ್ನೆಲ್ಲ ಹಂಚಿ ಹೋದ. ಗುಮಾಸ್ತನಿಗೆ ಕುರ್ಚಿ ಸಿಕ್ಕಿತು, ಅಡುಗೆಯವನಿಗೆ ಕೋಟು ಸಿಕ್ಕಿತು, ಹೊಳಬಸಪ್ಪನಿಗೆ ನಾಯಿ ಸಿಕ್ಕಿತು. ಕರುವಿನಷ್ಟು ಎತ್ತರದ, ಕಂದು ಬಣ್ಣದ, ಮನೆಯ ಹಿರಿಯರಂತೆ ನಿಟ್ಟುಸಿರು ಬಿಡುವ ನಾಯಿ. ಹೆಸರು ಮೇಜರ್. ಜನ್ಮವಿಡೀ ಇನ್ನೊಬ್ಬರ ಹುಕುಮಿಗೆ ಓಡಾಡಿದ ಹೊಳಬಸಪ್ಪ ಮೊದಲ ದಿನವೇ ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ, "ಮೇಜರ್, ಕುಂದ್ರು!" ಎಂದ. ಮೇಜರ್ ಕೂತಿತು. ಹೊಳಬಸಪ್ಪನ ಎದೆ ಉಬ್ಬಿತು. ಆಮೇಲೆ "ಮೇಜರ್, ಏಳು!" ಎಂದ. ಮುಂಗಾಲುಗಳು ಎದ್ದವು, ಹಿಂಗಾಲುಗಳು ಹುಕುಂ ಪಾಲಿಸಲಿಲ್ಲ.

"ಸಾಹೇಬ ಸುಮ್ನ ಕೊಟ್ಟಿಲ್ಲ ತಗೋರಿ," ಎಂದಳು ಹೆಂಡತಿ ಗುತ್ತೆವ್ವ. "ಕುರ್ಚಿ ಕೊಟ್ಟಿದ್ರ ನಾಕೂ ಕಾಲು ನೆಟ್ಟಗ ಇರ್ತಿದ್ವು."

ಓಣಿಯ ಔಷಧಿಗಳಿಗೆ ಬರವಿರಲಿಲ್ಲ. ಎದುರು ಮನೆಯ ಶಿದ್ಲಿಂಗಪ್ಪ, ಕೇಳದೆ ಸಲಹೆ ಕೊಡುವುದನ್ನೇ ಉದ್ಯೋಗ ಮಾಡಿಕೊಂಡವನು, ಎತ್ತಿಗೆ ಹಾಕುವಂತೆ ಟೊಂಕಕ್ಕೆ ಬರೆ ಹಾಕೆಂದ. ಕುಡುಗೋಲು ಕಾಸಿ ತಂದೂ ಬಿಟ್ಟ. ಹೊಳಬಸಪ್ಪ ನಾಯಿಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ದನದ ದವಾಖಾನೆಗೆ ಓಡಿದ.

ದವಾಖಾನೆಯ ಡಾಕ್ಟರರು ಮೇಜರನ ಹಿಂಗಾಲನ್ನು ಹಿಡಿದು ಮೆಲ್ಲಗೆ ಆಡಿಸಿ ನೋಡಿದರು.

"ನೋಡಪಾ, ತೊಡಿ ಎಲುಬಿನ ಗುಂಡು ಟೊಂಕದ ಕುಣಿಯೊಳಗ ಬರೋಬ್ಬರಿ ಕೂತಿಲ್ಲ. ಬಂಡಿ ಅಚ್ಚು ಸಡ್ಲಾಗಿ ಅಳ್ಳಾಡ್ತೈತೆಲ್ಲ, ಹಂಗ. ಹುಟ್ಟಾ ಬಂದದ್ದು. ಕಟ್ಟಿ ಹಾಕಿದ್ರ ಮಾಂಸ ಕರಗಿ ಇನ್ನಷ್ಟು ಸಡ್ಲ ಆಗ್ತೈತಿ. ಓಡಿಸಿದ್ರ ಸವದು ಹೋಗ್ತೈತಿ."

"ಹಂಗಾರ ಏನ್ ಮಾಡೂದ್ರಿ?"

"ವ್ಯಾಯಾಮ."

ಹೊಳಬಸಪ್ಪ ತನ್ನ ತೋಳುಗಳನ್ನು ನೋಡಿಕೊಂಡ. "ನನಗ್ರಿ?"

"ನಾಯಿಗೆ! ಮೆತ್ತನ್ನ ಮಣ್ಣಿನ ಮ್ಯಾಲೆ ಸಾವಕಾಶ ನಡಸು. ದಣಿಯೂಕಿಂತ ಮೊದ್ಲ ನಿಲ್ಸು. ಹೊಟ್ಟಿ ಕೆಳಗ ಅರಿವಿ ಹಾಯಿಸಿ ಹಿಂದಿನ ಭಾರ ನೀ ಹಿಡಿ. ನೀರಾಗ ಈಜಿಸು, ನೀರಾಗ ಕಾಲಿಗೆ ಭಾರ ಬೀಳೂದಿಲ್ಲ. ಓಟ ಬ್ಯಾಡ, ಜಿಗಿತ ಬ್ಯಾಡ, ಪಾವಟಿಗಿ ಬ್ಯಾಡ. ದಪ್ಪ ಅಂತೂ ಆಗಗೊಡಬ್ಯಾಡ."

ಗುತ್ತೆವ್ವನ ಹಳೆಯ ಇಳಕಲ್ ಸೀರೆ ಅರ್ಧಕ್ಕೆ ಹರಿಯಿತು. ಅವಳು ಮೂರು ಸಂಜೆ ಮಾತು ಬಿಟ್ಟಳು. ದಿನವೂ ಬೆಳಿಗ್ಗೆ ಹೊಳಬಸಪ್ಪ ಆ ಸೀರೆಯ ತುಂಡನ್ನು ಮೇಜರನ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದು, ಏರಿಯ ಮೆತ್ತನೆಯ ಮಣ್ಣಿನ ಮೇಲೆ ನಡೆಸುತ್ತಿದ್ದ. ಸ್ವಲ್ಪ ನಡೆಯುವುದು, ನಿಲ್ಲುವುದು, ಮತ್ತೆ ಸ್ವಲ್ಪ ನಡೆಯುವುದು. ಆಮೇಲೆ ಎಮ್ಮೆ ಮೀಯಿಸುವ ಕಡೆಗೆ ಇಳಿದು ಇಬ್ಬರೂ ನೀರಿಗೆ. ನೀರಿನಲ್ಲಿ ಮೇಜರ್ ಬೇರೆಯದೇ ನಾಯಿಯಾಗುತ್ತಿತ್ತು. ನಾಲ್ಕೂ ಕಾಲು ಬಡಿಯುತ್ತ, ತಲೆ ಎತ್ತಿಕೊಂಡು, ಹೊಳಬಸಪ್ಪನ ಸುತ್ತ ಈಜಿ ಬರುತ್ತಿತ್ತು. ತಾನು ನಿಂತರೆ ನಿಲ್ಲುವ, ನಡೆದರೆ ನಡೆಯುವ ಪ್ರಾಣಿ ಈ ಭೂಮಿಯ ಮೇಲೆ ಒಂದಿದೆ ಎಂಬುದು ಅವನಿಗೆ ಹೊಸ ಅನುಭವ. ಅದರ ಮೇಲೆ ಅವನಿಗೆ ಹೇಳಲಾರದಷ್ಟು ಪ್ರೀತಿ ಹುಟ್ಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮೇಜರ್ ಯಾರ ಸಹಾಯವೂ ಇಲ್ಲದೆ ಎದ್ದು ನಿಂತಿತು. ಅವತ್ತು ಹೊಳಬಸಪ್ಪ ಕಚೇರಿಯಲ್ಲಿ ಕಾರಣವಿಲ್ಲದೆ ಎಲ್ಲರಿಗೂ ನಮಸ್ಕಾರ ಮಾಡಿದ.

ಕೆಲಸ ಕೆಟ್ಟದ್ದು ಅದರ ಮರುದಿನವೇ. ಈಜಿ ಮೇಲೆ ಬಂದ ಹೊಳಬಸಪ್ಪ, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ, ಸೀರೆಯ ತುಂಡು ಹಿಡಿದು, ನಾಯಿಯೊಡನೆ ಏರಿಯ ಮೇಲೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ. ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡ ಶಿದ್ಲಿಂಗಪ್ಪ, ನೀರಿಗೆ ಬಂದ ಹೆಂಗಸರೆಲ್ಲ ಕೇಳಲೆಂದೇ ಕೂಗಿದ:

"ಏನೋ ಹೊಳಬಸಪ್ಪಾ, ನಾಯಿಗೆ ಸೀರಿ ಉಡಿಸಿ ಎಲ್ಲಿಗೆ ಕರಕೊಂಡ ಹೊಂಟಿ? ಗಂಡನ ಮನಿಗೇನು?"

ಹೆಂಗಸರು ನಕ್ಕರು. ಹೊಳಬಸಪ್ಪನ ಬಾಯಲ್ಲಿ "ವ್ಯಾಯಾಮ" ಎಂಬ ಶಬ್ದ ತುದಿಯವರೆಗೂ ಬಂದಿತ್ತು. ಆದರೆ ಎದುರಿಗೆ ನಿಂತವರೆಲ್ಲ ಹಗಲಿಡೀ ಗದ್ದೆಯಲ್ಲಿ ಬೆನ್ನು ಬಗ್ಗಿಸುವವರು. ನಾಯಿಗೆ ವ್ಯಾಯಾಮ ಮಾಡಿಸುತ್ತಿದ್ದೇನೆ ಎಂದರೆ ಭತ್ತದ ಸುಗ್ಗಿ ಮುಗಿಯುವವರೆಗೂ ನಗುತ್ತಾರೆ. ಅವನು ಶಬ್ದವನ್ನು ನುಂಗಿ, ತಲೆ ಕೆರೆದುಕೊಂಡು ನಿಂತ.

ನಗದವಳು ಒಬ್ಬಳೇ. ಪಕ್ಕದ ಮನೆಯ ಭರಮವ್ವ. ಅವಳು ಕೊಡ ಕೆಳಗಿಟ್ಟು ಅವನ ಒದ್ದೆ ಬಟ್ಟೆ ನೋಡಿದಳು, ಬರಿಗಾಲು ನೋಡಿದಳು, ನಾಯಿ ನೋಡಿದಳು.

"ನಗಬ್ಯಾಡ್ರೇ," ಎಂದಳು. "ಇದು ಮೈಲಾರಲಿಂಗಪ್ಪನ ಹರಕಿ. ಮಡೀಲೆ ನಡಸಾಕತ್ತಾನ, ಕಾಣವಲ್ತೇನು? ನಾಯಿ ಅಂದ್ರ ಆ ದೇವ್ರಿಗೆ ಮಗ ಇದ್ದಂಗ."

ನಗು ನಿಂತಿತು. ಭರಮವ್ವನಿಗೆ ಒಬ್ಬನೇ ಮಗ. ಮೈಲಾರಲಿಂಗನ ಗುಡ್ಡಕ್ಕೆ ಹರಕೆ ಹೊತ್ತು ಹಡೆದದ್ದಕ್ಕೆ ಗುಡ್ಡಪ್ಪ ಎಂದೇ ಹೆಸರಿಟ್ಟಿದ್ದಳು. ಅವನು ಪಲಟಣ ಸೇರಿ ಬರ್ಮಾದ ಕಡೆ ಹೋದವನು, ಸುದ್ದಿ ನಿಂತುಹೋಗಿತ್ತು. ಅವಳು ಹೊಳಬಸಪ್ಪನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು:

"ತಮ್ಮಾ, ನಿನಗಂತೂ ಮಕ್ಕಳಿಲ್ಲ. ನನ್ನ ಗುಡ್ಡಪ್ಪನ ಸಲುವಾಗಿ ಹೊತ್ತೀ ಏನು?"

ಆ ಮುಖ ನೋಡಿ "ಇಲ್ಲ" ಎನ್ನುವ ಗಂಡಸು ಹಾನಗಲ್ಲಿನಲ್ಲಿ ಹುಟ್ಟಿರಲಿಲ್ಲ. ಹೊಳಬಸಪ್ಪ "ಹೂಂ" ಎಂದ.

ಭರಮವ್ವ ಮೊದಲು ನಾಯಿಯ ಕಾಲಿಗೆ ಬಿದ್ದಳು, ಆಮೇಲೆ ಹೊಳಬಸಪ್ಪನ ಕಾಲಿಗೆ. ಶಿದ್ಲಿಂಗಪ್ಪ ಬೇವಿನ ಕಡ್ಡಿ ಎಸೆದು ಕೈಮುಗಿದ.

ಆವತ್ತಿನಿಂದ ಹೊಳಬಸಪ್ಪನ ಮನೆಯ ಮುಂದೆ ಎಡೆ ಬಂದು ಬೀಳತೊಡಗಿತು. ಬೆಣ್ಣೆ ಹಚ್ಚಿದ ರೊಟ್ಟಿ, ಹೋಳಿಗೆ, ಕಡುಬು, ಗಟ್ಟಿ ಹಾಲು. ನಾಯಿ ದಪ್ಪವಾದರೆ ಟೊಂಕಕ್ಕೆ ಕೇಡು. ದೇವರ ಎಡೆ ಚೆಲ್ಲಿದರೆ ಮನೆಗೆ ಕೇಡು. ಹೊಳಬಸಪ್ಪ ಬಾಗಿಲು ಹಾಕಿಕೊಂಡು ಎಲ್ಲವನ್ನೂ ತಾನೇ ತಿಂದ. ನಾಯಿಗೆ ಎಡೆಯಿಟ್ಟರೆ ಯಜಮಾನನಿಗೆ ಹೊಟ್ಟೆ ಬರುತ್ತಿರುವುದನ್ನು ಕಂಡು ಊರಿಗೆ ಹರಕೆಯ ಮಹಿಮೆಯ ಬಗ್ಗೆ ಇದ್ದ ಅಷ್ಟಿಷ್ಟು ಸಂಶಯವೂ ಹೋಯಿತು.

ಕಚೇರಿಗೆ ತಡವಾಗಿ ಹೋದ ದಿನ ರಾವಸಾಹೇಬರು ಒಳಗೆ ಕರೆಸಿದರು. ಕೆಲಸ ಹೋಯಿತೆಂದು ಹೊಳಬಸಪ್ಪ ಸೊಂಟದ ಬಿಲ್ಲೆಯನ್ನು ಬಿಚ್ಚಿಯೇ ಹಿಡಿದುಕೊಂಡು ಹೋದ. ರಾವಸಾಹೇಬರು ಬಾಗಿಲು ಹಾಕಿಸಿದರು.

"ನನ್ನನ್ನು ಹಿರೇಕೆರೂರಿಗೆ ಬದಲಿ ಮಾಡೂ ಸುದ್ದಿ ಐತಿ," ಎಂದರು ಮೆಲ್ಲಗೆ. "ನಾಯಿ ಕಿವ್ಯಾಗ ಅದು ತಪ್ಪಲಿ ಅಂತ ಒಂದ್ ಮಾತು ಹಾಕಿ ಇಡು."

ಇದೆಲ್ಲ ಹೀಗೇ ಸಾಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಹರಕೆಯ ಸುದ್ದಿ ಮೈಲಾರಲಿಂಗನ ಸೇವೆಯ ಗೊರವರ ಹಿರಿಯ ಚೌಡಪ್ಪನ ಕಿವಿಗೂ ಬಿತ್ತು. ಕರಿಯ ಕಂಬಳಿ ಹೊದ್ದು, ಭಂಡಾರದ ಚೀಲ ಕೊರಳಿಗೆ ಹಾಕಿಕೊಂಡ ಅವನು ನೇರವಾಗಿ ಬಂದು ಹೊಳಬಸಪ್ಪನ ಕಟ್ಟೆಯ ಮೇಲೆ ಕೂತ. ಅವನು ಒಳ್ಳೆಯವನು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ದೊಡ್ಡ ಸಂಕಟ.

"ಹರಕಿ ಅಂದ್ರ ಮುಟ್ಟಬೇಕಪಾ," ಎಂದ ಚೌಡಪ್ಪ. "ಕೆರಿ ಏರಿ ಮ್ಯಾಲೆ ತಿರಗ್ಯಾಡಿದ್ರ ಗುಡ್ಡದ ಮ್ಯಾಲಿನ ದೇವ್ರಿಗೆ ಹೆಂಗ ತಿಳೀಬೇಕು? ನಾಯೀನ ಗುಡ್ಡಕ್ಕ ನಡಸ್ಕೊಂಡ ಹೋಗಿ, ಪಾವಟಿಗಿ ಹತ್ತಿಸಿ, ಭಂಡಾರ ಹಚ್ಚಿಸ್ಕೊಂಡ ಬಾ. ಮಗ ಮನೀಗೆ ಬರ್ತಾನ."

ಗಟ್ಟಿ ಕಾಲಿನವರಿಗೇ ಗುಡ್ಡ ಎರಡು ಹಗಲಿನ ದಾರಿ. ಹೊಳಬಸಪ್ಪ ದನದ ಡಾಕ್ಟರರ ಹತ್ತಿರ ಓಡಿದ. ಅವರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿದರು. "ಈ ಏರಿ ದಾಟಿ ನಡಸಿದ್ರ ನಾಯಿ ಉಳಿಯೂದಿಲ್ಲ. ಭರಮವ್ವಗ ಖರೇ ಹೇಳಿ ಬಿಡು," ಎಂದರು. ವಿದ್ಯಾವಂತರಿಗೆ ಎಲ್ಲವೂ ಸುಲಭ.

ಖರೆ ಹೇಳಬೇಕೆಂದೇ ಅವನು ಭರಮವ್ವನ ಮನೆಗೆ ಹೋದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಬಾ ತಮ್ಮಾ, ಕುಂದ್ರು. ನೀ ಹರಕಿ ಹೊತ್ತಾಗಿಂದ ನನಗ ನಿದ್ದಿ ಹತ್ತಾಕತ್ತೈತಿ ನೋಡು. ಅದಕ್ಕೂ ಮೊದ್ಲ ಕಣ್ಣು ಮುಚ್ಚಿದ್ರ ಸಾಕು, ನನ್ನ ಕೂಸು ಕೆಸರಿನ್ಯಾಗ ಬಿದ್ದು ಅವ್ವಾ ಅಂದಂಗ ಆಗ್ತಿತ್ತು. ಈಗ ಕನಸಿನ್ಯಾಗ ನಿನ್ನ ನಾಯಿ ಅವನ ಮುಂದ ಮುಂದ ನಡೀತೈತಿ. ಅಂವಾ ಹಿಂದ ಬರ್ತಾನ." ಅವಳು ಬಿಸಿ ರೊಟ್ಟಿ ಅವನ ಕೈಗಿಟ್ಟಳು. "ಏನೋ ಹೇಳಾಕ ಬಂದಿದ್ದೆಲ್ಲ?"

"ಏನಿಲ್ಲಬೇ," ಎಂದ ಹೊಳಬಸಪ್ಪ. ರೊಟ್ಟಿಯ ಜೊತೆಗೆ ಖರೆಯನ್ನೂ ತಿಂದು ಎದ್ದು ಬಂದ.

ನಾಯಿಯನ್ನು ಹೇಗೆ ಒಯ್ಯಬೇಕೆಂದು ಕಚೇರಿಯ ಮುಂದಿನ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿತು. ರಾವಸಾಹೇಬರೇ ನಡುವೆ ಕೂತರು. ಸವಣೂರಿಗೆ ಟಾಂಗಾ ಹೊಡೆಯುವ ರಾಜೇಸಾಬ, ಹೊಳಬಸಪ್ಪನ ಹಳೆಯ ದೋಸ್ತ, ಎದ್ದು ನಿಂತು ಹೇಳಿದ: "ನನ್ನ ಟಾಂಗಾದಾಗ ಕುಂದರಿಸ್ರಿ. ನಾಯೀಗೂ ಆರಾಮ, ದೇವ್ರಿಗೂ ಲಗೂನ ಮುಟ್ತೈತಿ."

"ಗಾಲಿ ನಡಿಯೂದಿಲ್ಲ," ಎಂದ ಚೌಡಪ್ಪ. "ಹರಕಿ ಉರುಳಬಾರದು."

"ಹಂಗಾರ ಹೊಳಬಸಪ್ಪ ಹೆಗಲ ಮ್ಯಾಲೆ ಹೊರ್ಲಿ. ಮನಿಷ್ಯಾನ ಕಾಲು ಗಾಲಿ ಅಲ್ಲಲ್ಲ?"

ಇದು ಕಠಿಣ ಪ್ರಶ್ನೆಯಾಯಿತು. ಚೌಡಪ್ಪ ಕಣ್ಣು ಮುಚ್ಚಿದ. ಶಿದ್ಲಿಂಗಪ್ಪ ಎರಡೂ ಪಕ್ಷಗಳ ಪರವಾಗಿ ಮಾತಾಡಿದ. ಕೊನೆಗೆ ರಾವಸಾಹೇಬರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: ಊರೊಳಗೆ ನಾಯಿ ನಡೆಯಬೇಕು, ಊರ ಹೊರಗೆ ಹೊಳಬಸಪ್ಪ ಹೊರಬೇಕು. ಗುಡ್ಡದ ಪಾವಟಿಗೆ ಮಾತ್ರ ಪೂರಾ ನಾಯಿಯದೇ. ಅರ್ಧ ನಡಿಗೆ, ಅರ್ಧ ಹೆಗಲು. ಸರಕಾರಕ್ಕೂ ದೇವರಿಗೂ ಒಪ್ಪುವ ತೀರ್ಪೆಂದು ಎಲ್ಲರೂ ತಲೆದೂಗಿದರು. ರಜೆಯನ್ನು ಅವನು ಕೇಳಿರಲಿಲ್ಲ. ಆದರೂ ಮಂಜೂರಾಯಿತು.

ಹೊರಟ ಮೆರವಣಿಗೆ ನೋಡುವಂತಿತ್ತು. ಮುಂದೆ ಚೌಡಪ್ಪ ಮತ್ತು ಅವನ ಗೊರವರು, ಅವರ ಹಿಂದೆ ಭಂಡಾರ ಬಳಿದುಕೊಂಡ ಭರಮವ್ವ, ನಡುವೆ ಎಡೆ ತಿಂದು ಬೆಳೆದ ಹೊಟ್ಟೆ ಹೊತ್ತ ಹೊಳಬಸಪ್ಪ, ಅವನ ಹೆಗಲ ಮೇಲೆ ಕುರಿಮರಿಯಂತೆ ಕಾಲು ಇಳಿಬಿಟ್ಟ ಮೇಜರ್. ಎಲ್ಲರ ಹಿಂದೆ, ತನ್ನ ಕೆಲಸಕ್ಕೆ ಹೊರಟವನಂತೆ, ಖಾಲಿ ಟಾಂಗಾ ಹೊಡೆದುಕೊಂಡು ರಾಜೇಸಾಬ. ಟಾಂಗಾದ ಕುದುರೆ ಆಗಾಗ ಹೊಳಬಸಪ್ಪನ ಬೆನ್ನನ್ನು ಮೂಸಿ ನೋಡುತ್ತಿತ್ತು.

ಅಕ್ಕಿಆಲೂರಿನ ಊರ ಬಾಗಿಲಲ್ಲಿ ನಾಯಿಯನ್ನು ಇಳಿಸಿದ. ಅಕ್ಕಿ ಗಿರಣಿಯ ಮಂದಿ ಕೆಲಸ ಬಿಟ್ಟು ಓಡಿ ಬಂದರು. ಸೀರೆಯ ತುಂಡಿನಲ್ಲಿ ಟೊಂಕದ ಭಾರವನ್ನೆಲ್ಲ ತಾನೇ ಎಳೆದು ಹಿಡಿದು, ಹೊಳಬಸಪ್ಪ ಪೇಟೆ ದಾಟಿಸಿದ. ಅತ್ತ ಕಡೆ ಮತ್ತೆ ಹೆಗಲಿಗೆ ಹಾಕಿಕೊಳ್ಳುವಾಗ ಜನ ನಾಯಿಯ ಕೊರಳಿಗೆ ತೆಂಗಿನಕಾಯಿಯ ಮಾಲೆ ಹಾಕಿದರು. ಅದರ ಭಾರವೂ ಅವನ ಮೇಲೆಯೇ ಬಿತ್ತು. ಹಳ್ಳಿ ಬಂದರೆ ಇಳಿಸುವುದು, ಹಳ್ಳಿ ದಾಟಿದರೆ ಏರಿಸುವುದು. ಪ್ರತಿ ಹಳ್ಳಿಯಲ್ಲೂ ಮೇಜರ್ ಮೊದಲಿಗಿಂತ ನಿಧಾನವಾಗಿ ನಡೆಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಳಬಸಪ್ಪನೂ ಒಂದು ಕಾಲು ಎಳೆಯುತ್ತಿದ್ದ.

"ಸಾಕು ಮಾಡೋ ಹುಚ್ಚಾ," ಎಂದ ರಾಜೇಸಾಬ, ಟಾಂಗಾ ಪಕ್ಕಕ್ಕೆ ತಂದು. "ಹಿಂದ ಕುಂದ್ರು. ಅವರ್ಯಾರೂ ಹಿಂದ ನೋಡವಲ್ರು."

ಹೊಳಬಸಪ್ಪ ಮುಂದೆ ಹೋಗುತ್ತಿದ್ದ ಭರಮವ್ವನನ್ನು ನೋಡಿದ. ಆ ಮುದುಕಿಯ ಹೆಜ್ಜೆ ಹುಡುಗಿಯದಾಗಿತ್ತು. "ಬ್ಯಾಡೋ," ಎಂದ, ಅಷ್ಟೇ.

ಆದಿತ್ಯವಾರ ಬೆಳಿಗ್ಗೆ ಗುಡ್ಡದ ಬುಡ ಮುಟ್ಟಿದರು. ಚೌಡಪ್ಪ ಮೊದಲ ಪಾವಟಿಗೆಗೆ ಹಣೆ ಹಚ್ಚಿ ಹೇಳಿದ: "ಇಲ್ಲಿಂದ ದೇವ್ರ ನೆಲ. ಇಳಿಸಪಾ."

ಹೊಳಬಸಪ್ಪ ಇಳಿಸಿದ. ಒಂದೊಂದೇ ಮೆಟ್ಟಿಲು, ಮುಂಗಾಲು ಅದರದು, ಹಿಂಗಾಲು ಇವನದು. ಓಟ ಬೇಡ, ಜಿಗಿತ ಬೇಡ, ಪಾವಟಿಗೆ ಬೇಡ ಎಂದು ಅವನ ತುಟಿ ಅಲ್ಲಾಡುತ್ತಿತ್ತು. ಮಂತ್ರ ಹೇಳುತ್ತಿದ್ದಾನೆಂದು ತಿಳಿದು ಭರಮವ್ವ ಕೈಮುಗಿದಳು. ಅರ್ಧ ಗುಡ್ಡ ಹತ್ತಿದ್ದಾಯಿತು. ಇನ್ನು ಪಾರಾದೆವು ಎಂದು ಹೊಳಬಸಪ್ಪನಿಗೂ ಅನ್ನಿಸಿತು.

ಆಗ ಮೇಲಿನಿಂದ ಗೊರವರ ಇನ್ನೊಂದು ಗುಂಪು ಎದುರಾಯಿತು. ಡಮರುಗ ಬಾರಿಸುತ್ತ, ದೇವರ ನಾಯಿಯನ್ನು ಕಂಡ ಸಂತೋಷಕ್ಕೆ, ತಮ್ಮ ಪದ್ಧತಿಯಂತೆ ಅವರೆಲ್ಲ ಒಟ್ಟಿಗೆ ಬೊಗಳಿದರು.

ಪಾಪ, ಮೇಜರನಿಗೆ ಹಾನಗಲ್ಲಿಗೆ ಬಂದಾಗಿನಿಂದ ಮನುಷ್ಯರ ಮಾತು ಕೇಳಿ ಕೇಳಿ ಸಾಕಾಗಿತ್ತು. ತನ್ನ ಭಾಷೆಯಲ್ಲಿ ಯಾರಾದರೂ ಕರೆದದ್ದು ಅದೇ ಮೊದಲು. ಅದರ ಕಿವಿ ನಿಮಿರಿದವು, ಬಾಲ ಅಲ್ಲಾಡಿತು. ಹೊಳಬಸಪ್ಪನ ಕೈಯಿಂದ ಸೀರೆಯ ತುಂಡು ಕಿತ್ತುಕೊಂಡು ಅದು ಜಿಗಿಯಿತು. ಒಂದೇ ಸಲಕ್ಕೆ ಮೂರು ಮೆಟ್ಟಿಲು.

ಒಣಗಿದ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು. ಡಮರುಗದ ಗದ್ದಲದಲ್ಲಿ ಅದು ಕೇಳಿಸಿದ್ದು ಹೊಳಬಸಪ್ಪನೊಬ್ಬನಿಗೇ.

"ಜಿಗೀತು! ಕುಂಟನಾಯಿ ಜಿಗೀತು! ಹರಕಿ ಮುಟ್ಟಿತು!" ಎಂದು ಜನ ಕೂಗಿದರು. ಭಂಡಾರ ಎರಚಿದರು. ಗುಡ್ಡವೆಲ್ಲ ಹಳದಿಯಾಯಿತು. ಆ ಹಳದಿಯ ನಡುವೆ ಹೊಳಬಸಪ್ಪ ಮೇಜರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭರಮವ್ವ ಅಳುತ್ತಿದ್ದಳು, ಇವನೂ ಅಳುತ್ತಿದ್ದ. ಇಬ್ಬರದೂ ಸಂತೋಷದ ಕಣ್ಣೀರೆಂದು ಜನ ತಿಳಿದರು.

ಹರಕೆ ಮುಟ್ಟಿದ ಮೇಲೆ ಗಾಲಿಗೆ ಅಡ್ಡಿಯಿರಲಿಲ್ಲ. ರಾಜೇಸಾಬ ತಗ್ಗು ದಿನ್ನೆ ತಪ್ಪಿಸಿ, ಕುದುರೆಯನ್ನು ಹೆಜ್ಜೆ ಹೆಜ್ಜೆ ನಡೆಸಿ ಅವರಿಬ್ಬರನ್ನೂ ಮನೆಗೆ ತಂದ. ಡಾಕ್ಟರರು ಬಂದು ನೋಡಿ ಕನ್ನಡಕ ಒರೆಸಿಕೊಳ್ಳುತ್ತ ಹೋದರು. ಮೇಜರ್ ನೀರು ಮುಟ್ಟಲಿಲ್ಲ. ಹೊಳಬಸಪ್ಪ "ಮೇಜರ್, ಏಳು" ಎಂದಾಗಲೆಲ್ಲ ಮುಂಗಾಲೂರಿ ಏಳಲು ನೋಡಿತು. ಕೊನೆಗೆ ಅವನು ಹಾಗೆ ಹೇಳುವುದನ್ನು ಬಿಟ್ಟ. ಅದು ಸತ್ತ ಬೆಳಿಗ್ಗೆ ಗುತ್ತೆವ್ವ ಒಳಗೆ ಹೋಗಿ, ಉಳಿದಿದ್ದ ಅರ್ಧ ಸೀರೆಯನ್ನು ತಂದು ತಾನೇ ಹೊದಿಸಿದಳು. ಏರಿಯ ಮಗ್ಗುಲಲ್ಲಿ, ಮಣ್ಣು ಎಲ್ಲಕ್ಕಿಂತ ಮೆತ್ತಗಿದ್ದ ಕಡೆ, ಹುಗಿದರು. ದೇವರು ತನ್ನ ನಾಯಿಯನ್ನು ಕರೆಸಿಕೊಂಡನೆಂದು ಊರು ಮಾತಾಡಿತು. ಆ ವಾರವೇ ರಾವಸಾಹೇಬರಿಗೆ ಹಿರೇಕೆರೂರಿಗೆ ಬದಲಿಯಾಯಿತು. ಹೊರಡುವಾಗ ಅವರು ಹೊಳಬಸಪ್ಪನನ್ನು ನೋಡಿದ ನೋಟದಲ್ಲಿ, ನಾಯಿಗೆ ಹೇಳಲು ಮರೆತೆಯಲ್ಲ ಎಂಬ ದೂರಿತ್ತು.

ಯುದ್ಧ ಮುಗಿಯಿತು. ಮುಂಗಾರಿ ಬಿತ್ತನೆಯ ಹೊತ್ತಿಗೆ ರಾಜೇಸಾಬನ ಟಾಂಗಾ ಭರಮವ್ವನ ಮನೆಯ ಮುಂದೆ ನಿಂತಿತು. ಗುಡ್ಡಪ್ಪ ಬಂದಿದ್ದ. ಓಣಿಯೆಲ್ಲ ಓಡಿತು, ಚೌಡಪ್ಪ ಭಂಡಾರ ಹಿಡಿದು ಬಂದ. ಆದರೆ ಗುಡ್ಡಪ್ಪ ಟಾಂಗಾದಿಂದ ಇಳಿಯಲಿಲ್ಲ. ಇಳಿಸಬೇಕಾಯಿತು. ತೋಪಿನ ಗುಂಡಿಗೆ ಅವನ ಟೊಂಕ ಒಡೆದಿತ್ತು. ದಂಡಿನ ದವಾಖಾನೆಯವರು ಹೇಗೋ ಕೂಡಿಸಿ ಕಳಿಸಿದ್ದರು. ಮುಖ ಅದೇ, ದನಿ ಅದೇ, ಸೊಂಟದ ಕೆಳಗಿನದು ಮಾತ್ರ ಬೇರೆ ಯಾರದೋ ಎಂಬಂತಿತ್ತು. ಅವನು ಗೋಡೆಗೆ ಒರಗಿ ಕೂತ, ಕೂತಲ್ಲೇ ಉಳಿದ.

ಊರು ಲೆಕ್ಕ ಹಾಕಿತು. ಬೇಗ ಹೊಂದಿತು ಲೆಕ್ಕ. ಶಿದ್ಲಿಂಗಪ್ಪನೇ ಬಾಯಿಬಿಟ್ಟು ಹೇಳಿದ: "ನಾಯಿ ಅರ್ಧಾ ನಡೀತು, ಹೊಳಬಸಪ್ಪ ಅರ್ಧಾ ಹೊತ್ತ. ದೇವ್ರೂ ಅರ್ಧಾ ಮಗನ್ನ ಕೊಟ್ಟ."

ಭರಮವ್ವ ಆ ಸಂಜೆಯೇ ಹೊಳಬಸಪ್ಪನ ಕಟ್ಟೆಯ ಮುಂದೆ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪೂರಾ ನಡಸಬೇಕಾಗಿತ್ತು ತಮ್ಮಾ," ಎಂದಳು. "ನನ್ನ ಮಗನಕಿಂತ ನಿನಗ ನಾಯಿ ಹೆಚ್ಚಾತು."

ಹೊಳಬಸಪ್ಪ ಕಟ್ಟೆಯಿಂದ ಇಳಿದು, ಎಳೆಯುವ ಕಾಲು ಎಳೆದುಕೊಂಡು, ಅವಳ ಎದುರು ನಿಂತ. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ಹರಕೀನೇ ಇರ್ಲಿಲ್ಲಬೇ! ಯಾವ ದೇವ್ರಿಗೂ ನಾ ಏನೂ ಬೇಡಿಕೊಂಡಿದ್ದಿಲ್ಲ. ಆ ನಾಯಿ ಟೊಂಕಾನೂ ಹಿಂಗಾ ಇತ್ತು. ಏಳಾಕ ಬರ್ತಿರ್ಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿದ್ರು. ಸಾವಕಾಶ ನಡಸೂದು, ನೀರಾಗ ಈಜಸೂದು. ಅಷ್ಟಾ ಮಾಡಾಕತ್ತಿದ್ದೆ. ಮಂದಿ ನಗ್ತಾರಂತ ಬಾಯಿ ಬಿಡಲಿಲ್ಲ. ಸುಳ್ಳು ಹೂಂ ಅಂದೆ. ನನ್ನ ನಾಯೀನ ನಾನಾ ಕೊಂದೆ."

ಬಾಗಿಲಲ್ಲಿ ನಿಂತ ಗುತ್ತೆವ್ವ ಇನ್ನೇನಾಗುವುದೋ ಎಂದು ಸೆರಗು ಬಾಯಿಗೆ ಹಿಡಿದಳು.

"ಎದ್ದಿತ್ತಲ್ಲ ಅದು?" ಎಂದು ಕೇಳಿದಳು ಭರಮವ್ವ. "ಗುಡ್ಡಕ್ಕ ಹೋಗೂಕಿಂತ ಮೊದ್ಲ ಏರಿ ಮ್ಯಾಲೆ ತಾನಾ ಎದ್ದು ನಿಂತಿತ್ತು. ನಾ ನೋಡೇನಿ."

"ಹೌದಬೇ. ಎದ್ದಿತ್ತು."

"ಹಂಗಾರ ನನ್ನ ಮಗಗೂ ಅದನ್ನ ಮಾಡ್ಸು."

ಮರುದಿನ ಬೆಳಿಗ್ಗೆ ಆನಿಕೆರೆಯ ಏರಿಯ ಮೇಲೆ ಇಬ್ಬರು ಕಾಣಿಸಿಕೊಂಡರು. ಗುತ್ತೆವ್ವ ಕೇಳದೆಯೇ ಕೊಟ್ಟ ಇನ್ನೊಂದು ಸೀರೆ ಗುಡ್ಡಪ್ಪನ ಸೊಂಟಕ್ಕಿತ್ತು, ಅದರ ತುದಿಗಳು ಹೊಳಬಸಪ್ಪನ ಮುಷ್ಟಿಯಲ್ಲಿದ್ದವು. ಗುಡ್ಡಪ್ಪ ಭಾರವನ್ನೆಲ್ಲ ಸೀರೆಯ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಕಾಲೆಳೆದ.

"ನಿಲ್ಲು," ಎಂದ ಹೊಳಬಸಪ್ಪ. "ದಣಿಯೂಕಿಂತ ಮೊದ್ಲ ನಿಲ್ಲಬೇಕಂತ ಡಾಕ್ಟರ್ ಹೇಳ್ಯಾರ."

"ಯಾವ ಡಾಕ್ಟರ್, ಕಾಕಾ?"

"ದನದ ಡಾಕ್ಟರ್. ಮೇಜರೂ ದಿನಾ ಇಲ್ಲೇ ನಿಲ್ತಿದ್ದ."

"ಮೇಜರ್?" ಎಂದ ಗುಡ್ಡಪ್ಪ. ಹೊಳಬಸಪ್ಪ ಏರಿಯ ಮಗ್ಗುಲಿನ ಮಣ್ಣಿನ ದಿಬ್ಬ ತೋರಿಸಿದ. ವರ್ಷಗಟ್ಟಲೆ ಮೇಜರುಗಳ ಹುಕುಮಿಗೆ ಬಿದ್ದು ಎದ್ದ ಆ ಸಿಪಾಯಿ ದಿಬ್ಬವನ್ನು ನೋಡಿ, ಊರಿಗೆ ಬಂದಮೇಲೆ ಮೊದಲ ಸಲ ನಕ್ಕ. ನಗುತ್ತಲೇ ಕೈಯೆತ್ತಿ ಸಲಾಮು ಹೊಡೆದ.

ಬೇವಿನ ಕಡ್ಡಿ ಕಚ್ಚಿಕೊಂಡು ಶಿದ್ಲಿಂಗಪ್ಪ ಬಂದ. ಹೆಂಗಸರು ಕೊಡ ಹಿಡಿದು ನಿಂತರು.

"ಏನೋ ಹೊಳಬಸಪ್ಪಾ, ಇದು ಯಾವ ಹರಕಿ?"

ಹೊಳಬಸಪ್ಪ ಸೀರೆಯ ತುದಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಈ ಸಲ ಏರಿಗೆಲ್ಲ ಕೇಳುವಂತೆ ಹೇಳಿದ:

"ಹರಕಿ ಅಲ್ಲ. ವ್ಯಾಯಾಮ."

ಶಿದ್ಲಿಂಗಪ್ಪ ಹೆಂಗಸರ ಕಡೆ ತಿರುಗಿ ಕಣ್ಣು ಸನ್ನೆ ಮಾಡಿದ. "ಹೇಳಬಾರದಂತ ನೇಮ ಇರಬೇಕು," ಎಂದು ಮೆಲ್ಲಗೆ ಹೇಳಿ, ಚಪ್ಪಲಿ ಬಿಟ್ಟು ಕೈಮುಗಿದ. ಹಿಂದೆ ನಿಂತಿದ್ದ ಭರಮವ್ವ ಮಾತ್ರ ಕೈಮುಗಿಯಲಿಲ್ಲ. ಅವಳು ಮಗನ ಕಾಲಡಿಯ ಮಣ್ಣಿನಲ್ಲಿದ್ದ ಹರಳು ಕಲ್ಲುಗಳನ್ನು ಆರಿಸಿ ಆರಿಸಿ ಕೆರೆಗೆ ಎಸೆಯುತ್ತಿದ್ದಳು.